ದೇವರು ಒಳ್ಳೆಯವನಾದರೆ ಕೇಡು ಏಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯ ಕನ್ನಡಿಗರು ದೇವರ ಒಳ್ಳೆಯತನದ ಬಗ್ಗೆ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಲಾಗಿದೆ. ಉತ್ತರಿಸುತ್ತಿರುವವನು ಆಸ್ತಿಕ. ಆದರೆ ಆಸ್ತಿಕರು ಕೊಡುವ ಉತ್ತರಗಳನ್ನೆಲ್ಲ ಒಪ್ಪಿದವನಲ್ಲ.

ಸಮಸ್ಯೆ ಇರುವುದು ಎಲ್ಲಿ?

ಮೂರು ಮಾತುಗಳನ್ನು ಒಟ್ಟಿಗೆ ಹೇಳಿದಾಗ ಸಮಸ್ಯೆ ಹುಟ್ಟುತ್ತದೆ: ದೇವರು ಸರ್ವಶಕ್ತ, ದೇವರು ಪೂರ್ಣವಾಗಿ ಒಳ್ಳೆಯವನು, ಲೋಕದಲ್ಲಿ ಕೇಡು ನಿಜವಾಗಿಯೂ ಇದೆ. ಒಳ್ಳೆಯವನಾದವನು ತಡೆಯಲು ಸಾಧ್ಯವಿರುವ ಕೇಡನ್ನು ತಡೆಯುತ್ತಾನೆ, ಸರ್ವಶಕ್ತನಿಗೆ ಎಲ್ಲವನ್ನೂ ತಡೆಯಲು ಸಾಧ್ಯ, ಹಾಗಾದರೆ ಮೂರನೆಯ ಮಾತು ಸುಳ್ಳಾಗಬೇಕಿತ್ತು. ಗ್ರೀಸ್‌ನ ಎಪಿಕ್ಯೂರಸ್‌ನ ಹೆಸರಿನಲ್ಲಿ ಈ ತರ್ಕ ಬಹುಕಾಲದಿಂದ ಪ್ರಚಾರದಲ್ಲಿದೆ. 1955ರಲ್ಲಿ ಜೆ. ಎಲ್. ಮ್ಯಾಕಿ ಎಂಬ ತತ್ತ್ವಶಾಸ್ತ್ರಜ್ಞರು ಇದಕ್ಕೆ ಇನ್ನಷ್ಟು ಬಿಗಿಯಾದ ರೂಪವನ್ನು ಕೊಟ್ಟು, ಈ ಮೂರನ್ನೂ ಏಕಕಾಲದಲ್ಲಿ ನಂಬುವುದು ಸ್ವವಿರೋಧವೆಂದು ವಾದಿಸಿದರು.

ಕೇಡಿನಲ್ಲಿ ಎರಡು ಬಗೆಗಳನ್ನು ಗುರುತಿಸುವುದು ವಾಡಿಕೆ. ಕೊಲೆ, ಸುಲಿಗೆ, ಅಸ್ಪೃಶ್ಯತೆ, ಯುದ್ಧಗಳು ಮನುಷ್ಯ ಮಾಡುವ ಕೇಡು. ಭೂಕಂಪ, ರೋಗ, ಪ್ರವಾಹಗಳು ಪ್ರಕೃತಿಯಿಂದ ಬರುವ ಕೇಡು. ಈ ಗೆರೆ ನಾವು ಎಣಿಸಿದಷ್ಟು ಸ್ಪಷ್ಟವಲ್ಲ ಎಂಬುದನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕದ ಕೇಡನ್ನು ಕಂಡ ನಮ್ಮ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಪ್ರಶ್ನೆ ಎಲ್ಲ ನಂಬಿಕೆಗಳನ್ನೂ ಕಾಡುತ್ತದೆಯೆ? ನಾವು ದೈವಗಳನ್ನು ನಂಬಿದವರು.

ಇಲ್ಲ, ಎಲ್ಲವನ್ನೂ ಕಾಡುವುದಿಲ್ಲ. ತುಳುನಾಡಿನ ದೈವ ಸರ್ವಶಕ್ತವೆಂದು ಯಾರೂ ಹೇಳುವುದಿಲ್ಲ. ಅದಕ್ಕೆ ಸೀಮೆಯುಂಟು, ಕಟ್ಟುಕಟ್ಟಳೆಯುಂಟು, ಮುನಿಸೂ ಉಂಟು. ಕಲ್ಕುಡ ಮತ್ತು ಕಲ್ಲುರ್ಟಿ ಎಂಬ ಅಣ್ಣತಂಗಿ ದೈವಗಳ ಪಾಡ್ದನವನ್ನು, ಎಂದರೆ ತುಳು ಕಥನಗೀತೆಯನ್ನು, ನೆನಪಿಸಿಕೊಳ್ಳಿ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಅಂಥದ್ದನ್ನು ಬೇರೆಲ್ಲಿಯೂ ಕಡೆಯಬಾರದೆಂದು ಅರಸನು ಅವನ ಕೈಕಾಲು ಕಡಿಸುತ್ತಾನೆ. ಅಣ್ಣನಿಗಾದ ಅನ್ಯಾಯವನ್ನು ಸಹಿಸದ ತಂಗಿ ಅವನೊಡನೆ ಮಾಯವಾಗಿ ದೈವವಾಗುತ್ತಾಳೆ. ಪಾಡ್ದನವನ್ನು ಇತಿಹಾಸವೆಂದು ಓದಬೇಕಾಗಿಲ್ಲ. ಆದರೆ ಅದರೊಳಗಿನ ವಿಚಾರ ಗಮನಾರ್ಹವಾದದ್ದು: ಇಲ್ಲಿ ದೈವತ್ವವು ಕೇಡಿಗೆ ಮೊದಲೇ ಇದ್ದು ಅದನ್ನು ತಡೆಯದೆ ಸುಮ್ಮನಿದ್ದದ್ದಲ್ಲ, ಕೇಡನ್ನು ಅನುಭವಿಸಿದವರೇ ದೈವವಾಗಿ ನ್ಯಾಯ ಕೇಳಲು ಬಂದದ್ದು. ಆದುದರಿಂದ ದೈವವನ್ನು ಆರಾಧಿಸುವ ಕೋಲದ ಕಳದಲ್ಲಿ ನಿಂತು ದೂರು ಹೇಳಿಕೊಳ್ಳುವವನಿಗೆ ‘ನೀನೇಕೆ ಇದನ್ನು ಸೃಷ್ಟಿಸಿದೆ’ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ.

ಜೈನರಿಗೂ ಈ ಕಷ್ಟವಿಲ್ಲ. ಸೃಷ್ಟಿಕರ್ತನಾದ ಈಶ್ವರನನ್ನೇ ಅವರು ಒಪ್ಪುವುದಿಲ್ಲ; ಕರ್ಮವು ಜೀವಕ್ಕೆ ಅಂಟುವ ಒಂದು ಸೂಕ್ಷ್ಮ ದ್ರವ್ಯ, ಅದು ತನ್ನಷ್ಟಕ್ಕೆ ಫಲ ಕೊಡುತ್ತದೆ. ಮಂಜೇಶ್ವರದ ಬಸದಿಯಲ್ಲಿ ಕುಳಿತ ಜಿನನನ್ನು ಲೋಕದ ಕೇಡಿಗೆ ಹೊಣೆ ಮಾಡಲು ಬರುವುದಿಲ್ಲ.

ಆದರೆ ನಮ್ಮಲ್ಲಿ ಹೆಚ್ಚಿನವರು ದೈವವನ್ನು ನಂಬುವುದರ ಜೊತೆಗೆ ಮಧೂರಿನ ಗಣಪತಿ ದೇವಸ್ಥಾನಕ್ಕೂ ಹೋಗುತ್ತಾರೆ, ಗೀತೆಯನ್ನೂ ಓದುತ್ತಾರೆ, ಎಲ್ಲಕ್ಕೂ ಮೇಲೆ ಒಬ್ಬ ದೇವರಿದ್ದಾನೆ ಎಂದೂ ಹೇಳುತ್ತಾರೆ. ಆ ಒಬ್ಬನ ಹೆಸರೆತ್ತಿದ ಕೂಡಲೇ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಎಲ್ಲವೂ ಕರ್ಮಫಲ ಎಂದರೆ ಮುಗಿಯಿತಲ್ಲ?

ಕರ್ಮವು ಗಂಭೀರವಾದ ಉತ್ತರ, ಆದರೆ ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಸರಿಯಾಗಿ ತಿಳಿಯಬೇಕು. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಬಾದರಾಯಣರು ಈ ಆಕ್ಷೇಪವನ್ನು ನೇರವಾಗಿ ಎದುರಿಸುತ್ತಾರೆ. ಒಬ್ಬ ಸುಖಿಯಾಗಿ ಹುಟ್ಟುತ್ತಾನೆ, ಒಬ್ಬ ದುಃಖಿಯಾಗಿ ಹುಟ್ಟುತ್ತಾನೆ. ಇದನ್ನು ಮಾಡಿದವನಿಗೆ ಪಕ್ಷಪಾತದ ದೋಷವೂ ನಿರ್ದಯತೆಯ ದೋಷವೂ ತಟ್ಟಬೇಕಲ್ಲವೆ? ‘ವೈಷಮ್ಯನೈರ್ಘೃಣ್ಯೇ ನ ಸಾಪೇಕ್ಷತ್ವಾತ್’ ಎಂಬುದು ಅಲ್ಲಿಯ ಸಮಾಧಾನ. ಈಶ್ವರನು ತನ್ನ ಮನಸ್ಸಿಗೆ ಬಂದಂತೆ ಹಂಚುವುದಿಲ್ಲ, ಜೀವಿಗಳ ಧರ್ಮಾಧರ್ಮಗಳನ್ನು ಅಪೇಕ್ಷಿಸಿ ಹಂಚುತ್ತಾನೆ ಎಂದರ್ಥ. ಶಂಕರರು ಇದಕ್ಕೆ ಮಳೆಯ ದೃಷ್ಟಾಂತ ಕೊಡುತ್ತಾರೆ: ಮಳೆ ಎಲ್ಲ ಬೀಜಗಳಿಗೂ ಸಮಾನವಾದ ಕಾರಣ, ಆದರೆ ಭತ್ತದಿಂದ ಭತ್ತ, ಜವೆಯಿಂದ ಜವೆ ಹುಟ್ಟುವುದಕ್ಕೆ ಆಯಾ ಬೀಜದ ಶಕ್ತಿಯೇ ಕಾರಣ.

ಈ ವಾದಕ್ಕೆ ಒಂದು ದೊಡ್ಡ ಬಲವಿದೆ. ದೇವರು ಒಬ್ಬನನ್ನು ಪ್ರೀತಿಸಿ ಇನ್ನೊಬ್ಬನನ್ನು ದ್ವೇಷಿಸುತ್ತಾನೆ ಎಂಬ ಅಪವಾದವನ್ನು ಅದು ತೆಗೆದುಹಾಕುತ್ತದೆ. ಆದರೆ ಹೀಗೆ ಹಂಚಿಕೆಯನ್ನು ಸಮರ್ಥಿಸಿದ ಮಾತ್ರಕ್ಕೆ, ಹಂಚಬೇಕಾದಷ್ಟು ದುಃಖವಿರುವ ಲೋಕವೊಂದು ಏಕೆ ಇರಬೇಕೆಂಬುದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ.

ಮೊದಲ ಕರ್ಮ ಎಲ್ಲಿಂದ ಬಂತು? ‘ಅನಾದಿ’ ಎನ್ನುವುದು ನುಣುಚಿಕೊಳ್ಳುವ ಉಪಾಯವಲ್ಲವೆ?

ಇದೇ ಆಕ್ಷೇಪ ಮುಂದಿನ ಸೂತ್ರದಲ್ಲಿ ಬರುತ್ತದೆ ಎಂಬುದು ಅನೇಕರಿಗೆ ಆಶ್ಚರ್ಯ ತರಬಹುದು. ಸೃಷ್ಟಿಗೆ ಮೊದಲು ಜೀವಗಳ ವಿಭಾಗವೇ ಇಲ್ಲದಿರುವಾಗ ಕರ್ಮ ಎಲ್ಲಿತ್ತು ಎಂದು ಪೂರ್ವಪಕ್ಷದವನು, ಎಂದರೆ ಆಕ್ಷೇಪಿಸುವವನು, ಕೇಳುತ್ತಾನೆ. ಸಂಸಾರಕ್ಕೆ ಆದಿಯಿಲ್ಲ, ಆದುದರಿಂದ ‘ಮೊದಲ’ ಕರ್ಮವೆಂಬುದೇ ಇಲ್ಲ ಎಂದು ಸಿದ್ಧಾಂತಿ ಉತ್ತರಿಸುತ್ತಾನೆ. ಇದು ನುಣುಚಿಕೊಳ್ಳುವಿಕೆ ಅಲ್ಲ. ಶೂನ್ಯದಿಂದ ಲೋಕವನ್ನು ಉಂಟುಮಾಡಿದ ದೇವರು ಇಲ್ಲಿಲ್ಲ ಎಂಬ ದಿಟ್ಟ ನಿಲುವು ಇದರ ಹಿಂದಿದೆ, ಮತ್ತು ಆ ನಿಲುವಿಗೆ ತೆರಬೇಕಾದ ಬೆಲೆಯೂ ಇದೆ. ಪ್ರತಿಯೊಂದು ಜನ್ಮವನ್ನೂ ಹಿಂದಿನ ಜನ್ಮದಿಂದ ವಿವರಿಸಬಹುದಾದರೂ ಇಡೀ ಸರಣಿ ಏಕಿದೆ ಎಂಬುದು ವಿವರಣೆಯಿಲ್ಲದೆ ಉಳಿದುಬಿಡುತ್ತದೆ.

ಅದ್ವೈತದಲ್ಲಿ ಇದಕ್ಕೆ ಇನ್ನೊಂದು ಮೆಟ್ಟಿಲು ಉಂಟು: ಪರಮಾರ್ಥದಲ್ಲಿ ಜೀವ, ಈಶ್ವರ, ಕೇಡು ಎಂಬ ಭೇದವೇ ಅವಿದ್ಯೆಯದು. ಮಠಾಧಿಪತಿ ಕೇಶವಾನಂದ ಭಾರತಿಯವರ ಸಂವಿಧಾನ ಮೊಕದ್ದಮೆಯ 1973ರ ತೀರ್ಪಿನಿಂದ ದೇಶಕ್ಕೆಲ್ಲ ಹೆಸರಾದ ನಮ್ಮ ಎಡನೀರು ಮಠ ಇದೇ ಪರಂಪರೆಯದು. ಈ ಮೆಟ್ಟಿಲನ್ನು ಏರಿದವರಿಗೆ ಪ್ರಶ್ನೆ ಕರಗಬಹುದು. ಏರದೆ ಕೆಳಗೆ ನಿಂತವರು ‘ನೋವು ಮಿಥ್ಯೆ’ ಎಂದು ಪಕ್ಕದ ಮನೆಯವನಿಗೆ ಹೇಳಿದರೆ ಅದು ವೇದಾಂತವಾಗುವುದಿಲ್ಲ; ವ್ಯವಹಾರದಲ್ಲಿ ನೋವು ಇದ್ದೇ ಇದೆ ಎಂಬುದೂ ಅದ್ವೈತದ ಮಾತೇ.

ಮಧ್ವಾಚಾರ್ಯರ ಉತ್ತರ ಬೇರೆಯೆ?

ಬೇರೆ, ಮತ್ತು ನಮ್ಮ ಸೀಮೆಗೆ ಹತ್ತಿರದ್ದು. ಮಧ್ವರು 13ನೆಯ ಶತಮಾನದಲ್ಲಿ ಕುಂಬಳೆ ಸೀಮೆಗೆ ಬಂದಾಗ ಇಲ್ಲಿ ಜಯಸಿಂಹನೆಂಬ ಅರಸನಿದ್ದ. ಇಲ್ಲಿಯವರೇ ಆದ ತ್ರಿವಿಕ್ರಮ ಪಂಡಿತಾಚಾರ್ಯರು ದಿನಗಟ್ಟಲೆ ಅವರೊಡನೆ ವಾದ ಮಾಡಿ, ಕೊನೆಗೆ ಅವರ ಶಿಷ್ಯರಾಗಿ, ಅವರ ಸೂತ್ರಭಾಷ್ಯಕ್ಕೆ ವ್ಯಾಖ್ಯಾನವನ್ನೂ ಬರೆದರು.

ಮಧ್ವರ ಪ್ರಕಾರ ಹರಿ ಒಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನ. ಜೀವಗಳು ಅನಾದಿಯಾಗಿ ಒಂದಕ್ಕಿಂತ ಒಂದು ಭಿನ್ನ. ಅವುಗಳ ಸ್ವಭಾವದಲ್ಲೇ ತಾರತಮ್ಯವಿದೆ. ಮುಕ್ತಿಗೆ ಯೋಗ್ಯರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಯೋಗ್ಯರು ಎಂಬ ವಿಭಾಗವನ್ನು ದೇವರು ಹೊಸದಾಗಿ ಮಾಡಿದ್ದಲ್ಲ, ಅವರವರ ಸ್ವಭಾವವನ್ನು ಪ್ರಕಟಿಸಲು ಅವನು ಸೃಷ್ಟಿಯನ್ನು ನಡೆಸುತ್ತಾನೆ. ಹೀಗೆ ಹೇಳುವುದರಿಂದ ದೇವರ ಸರ್ವಸ್ವಾತಂತ್ರ್ಯವೂ ಉಳಿಯುತ್ತದೆ, ಅವನು ಯಾರಿಗೂ ಕೆಟ್ಟತನವನ್ನು ತುಂಬಲಿಲ್ಲ ಎಂಬುದೂ ಉಳಿಯುತ್ತದೆ. ತರ್ಕದ ದೃಷ್ಟಿಯಿಂದ ನನಗೆ ತಿಳಿದ ಉತ್ತರಗಳಲ್ಲಿ ಇದು ಅತ್ಯಂತ ಬಿಗಿಯಾದದ್ದು. ಆದರೆ ಎಂದೆಂದಿಗೂ ತಮಸ್ಸಿನಲ್ಲೇ ಉಳಿಯಬೇಕಾದ ಜೀವವೊಂದಿದೆ ಎಂಬುದನ್ನು ಒಪ್ಪಿಕೊಂಡ ಮೇಲೆ ‘ಪೂರ್ಣವಾಗಿ ಒಳ್ಳೆಯವನು’ ಎಂಬ ಮಾತಿಗೆ ನಾವು ದಿನನಿತ್ಯ ಕೊಡುವ ಅರ್ಥವನ್ನೇ ಕೊಡಲು ಸಾಧ್ಯವೆ ಎಂಬ ಸಂದೇಹ ನನ್ನಲ್ಲಿ ಉಳಿದಿದೆ.

ಹಾಗಾದರೆ ಎಂಡೋಸಲ್ಫಾನ್ ಪೀಡಿತ ಮಕ್ಕಳದ್ದು ಪೂರ್ವಕರ್ಮವೆ?

ಈ ಪ್ರಶ್ನೆಯನ್ನು ಕಾಸರಗೋಡಿನಲ್ಲಿ ತತ್ತ್ವದ ಉದಾಹರಣೆಯಾಗಿ ಯಾರೂ ಕೇಳುವುದಿಲ್ಲ. ಆದುದರಿಂದ ಮೊದಲು ನಡೆದದ್ದನ್ನು ಹೇಳಿ ಆಮೇಲೆ ತತ್ತ್ವಕ್ಕೆ ಬರುವುದು ಸರಿ.

1970ರ ದಶಕದ ಕೊನೆಯಿಂದ 2000ದವರೆಗೆ, ಸರಕಾರಿ ಸ್ವಾಮ್ಯದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ, ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಇದ್ದದ್ದು ಗುಡ್ಡದ ತಲೆಯಲ್ಲಿ. ಮನೆಗಳು ಇದ್ದದ್ದು ಅದರ ಬುಡದಲ್ಲಿ. ಎಣ್ಮಕಜೆಯಂಥ ಕಡೆಗಳಲ್ಲಿ ಆ ಮನೆಗಳವರು ಕುಡಿಯುತ್ತಿದ್ದುದು ಅದೇ ಗುಡ್ಡದೊಳಗೆ ಕೊರೆದ ಸುರಂಗದ ನೀರನ್ನು. ಬುದ್ಧಿ ಬೆಳೆಯದ ಮಕ್ಕಳು, ಅಂಗ ಊನವಾದ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಒಂದೇ ಊರಿನ ಮನೆಮನೆಗಳಲ್ಲಿ ಕಾಣಿಸಿಕೊಂಡಾಗ ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ್‌ಕುಮಾರ್ ಅದನ್ನು ಗಮನಿಸಿ ಬರೆದರು, ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಲೋಕಕ್ಕೆ ತಿಳಿಸಿದರು. ರೋಗಕ್ಕೂ ವಿಷಕ್ಕೂ ಇರುವ ಸಂಬಂಧದ ಪ್ರಮಾಣದ ಬಗ್ಗೆ ತಜ್ಞರಲ್ಲಿ ವಾದವಿವಾದ ನಡೆದದ್ದೂ ನಿಜ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಹಣ ಹಲವರ ಕೈಸೇರಲು ಆಮೇಲೆ ವರ್ಷಗಳೇ ಹಿಡಿದವು.

ಈಗ ತತ್ತ್ವ. ಕಾರಣ ತಿಳಿಯುವ ಮೊದಲು ಅನೇಕ ಮನೆಗಳಲ್ಲಿ ಇದನ್ನು ದೈವದ ಮುನಿಸು, ನಾಗದೋಷ, ಪೂರ್ವಜನ್ಮದ ಪಾಪ ಎಂದುಕೊಂಡು ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು, ಪರಿಹಾರ ಮಾಡಿಸಿದರು. ಅವರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ವಿವರಣೆಯಿಂದ ಆದ ಪರಿಣಾಮವನ್ನು ನೋಡಲೇಬೇಕು. ದೋಷವು ಮನೆಯೊಳಗೇ ಇದೆ, ತಾಯಿಯ ಹೊಟ್ಟೆಯಲ್ಲೇ ಇದೆ ಎಂದಾದಾಗ ತಲೆಯ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನ ಕಡೆ ಯಾರೂ ನೋಡುವುದಿಲ್ಲ. ಪೂರ್ವಕರ್ಮವೆಂಬ ಮಾತು ಆಗ ತತ್ತ್ವವಾಗಿ ಉಳಿಯದೆ ಕೇಡು ಮಾಡಿದವರ ಪರವಾದ ವಕಾಲತ್ತಾಗುತ್ತದೆ.

ಕರ್ಮಸಿದ್ಧಾಂತಿಯು ಇದಕ್ಕೆ ಕೊಡುವ ಉತ್ತರವನ್ನೂ ಹೇಳಬೇಕು. ಮಗುವಿನ ಪ್ರಾರಬ್ಧ ಏನೇ ಇರಲಿ, ಅದಕ್ಕೆ ನಿಮಿತ್ತನಾದವನು ತನ್ನ ಅಲಕ್ಷ್ಯದ ಪಾಪದಿಂದ ಬಿಡುಗಡೆ ಹೊಂದುವುದಿಲ್ಲ, ಅವನ ಲೆಕ್ಕ ಬೇರೆಯೇ ನಡೆಯುತ್ತದೆ ಎಂದು ಅವನು ಹೇಳುತ್ತಾನೆ. ಇದು ಒಪ್ಪತಕ್ಕ ಮಾತು. ಹಾಗಿದ್ದಲ್ಲಿ ಕಣ್ಣಿಗೆ ಕಾಣುವ ಲೆಕ್ಕವನ್ನು ಮೊದಲು ಬಗೆಹರಿಸಬೇಕು; ಸಹಿ ಹಾಕಿದ ಕೈ, ಎಚ್ಚರಿಕೆಯನ್ನು ಕಡೆಗಣಿಸಿದ ಕಚೇರಿ, ಪರಿಹಾರವನ್ನು ತಡಮಾಡಿದ ಕಡತ, ಇವುಗಳ ವಿಚಾರಣೆ ಮುಗಿಯುವ ಮೊದಲು ಕಾಣದ ಜನ್ಮದ ಲೆಕ್ಕವನ್ನು ಬಿಡಿಸುವ ಅಧಿಕಾರ ನಮಗಿಲ್ಲ.

‘ನಾನು ಪಡೆದು ಬಂದದ್ದು’ ಎಂದು ಒಬ್ಬ ತಾಯಿ ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಅದು ಆಕೆ ಬದುಕನ್ನು ಹೊರುವ ರೀತಿ. ಅದನ್ನು ತಿದ್ದಲು ಹೋಗಬಾರದು. ಅದೇ ಮಾತನ್ನು ಜಗಲಿಯಲ್ಲಿ ಕುಳಿತ ಇನ್ನೊಬ್ಬನು ಆಕೆಯ ಬಗ್ಗೆ ಹೇಳಿದರೆ ಅದು ತೀರ್ಪು, ಮತ್ತು ಆ ತೀರ್ಪಿಗೆ ಶಾಸ್ತ್ರದ ಆಧಾರವೂ ಇಲ್ಲ, ಏಕೆಂದರೆ ಒಬ್ಬರ ಯಾವ ದುಃಖ ಯಾವ ಕರ್ಮದ ಫಲವೆಂದು ಸಾಮಾನ್ಯ ಮನುಷ್ಯನು ತಿಳಿಯಬಲ್ಲನೆಂದು ಯಾವ ಆಚಾರ್ಯರೂ ಹೇಳಿಲ್ಲ. ‘ಕರ್ಮದ ಗತಿ ಗಹನ’ ಎಂಬ ಗೀತೆಯ ಮಾತು ಬಹುಮಟ್ಟಿಗೆ ಮರೆತುಹೋಗಿದೆ.

ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ಕೇಡು ಅನಿವಾರ್ಯವಲ್ಲವೆ?

ಪಶ್ಚಿಮದಲ್ಲಿ ಇದೇ ಪ್ರಮುಖ ಸಮಾಧಾನ. ಅಮೆರಿಕದ ಆಲ್ವಿನ್ ಪ್ಲಾಂಟಿಂಗಾ 1974ರಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದರು: ಸ್ವತಂತ್ರವಾಗಿ ಒಳ್ಳೆಯದನ್ನು ಆಯುವ ಜೀವಿಗಳಿರಬೇಕಾದರೆ ಅವು ಕೆಟ್ಟದ್ದನ್ನು ಆಯಬಹುದೆಂಬ ಸಾಧ್ಯತೆಯನ್ನು ದೇವರೂ ತೆಗೆದುಹಾಕಲಾರನು. ಮೂರು ಮಾತುಗಳಲ್ಲಿ ಸ್ವವಿರೋಧವಿದೆಯೆಂಬ ಮ್ಯಾಕಿಯ ವಾದ ಇದರಿಂದ ಬಹಳ ದುರ್ಬಲವಾಯಿತೆಂದು ಅನೇಕ ತತ್ತ್ವಜ್ಞರು ಒಪ್ಪುತ್ತಾರೆ. ಆದರೆ ಸ್ವಾತಂತ್ರ್ಯದ ಫಲ ಸ್ವಾತಂತ್ರ್ಯವನ್ನು ಬಳಸಿದವನ ಮೇಲೆಯೇ ಬಿದ್ದಿದ್ದರೆ ಈ ವಾದಕ್ಕೆ ಇನ್ನಷ್ಟು ತೂಕ ಬರುತ್ತಿತ್ತು. ಎಲ್ಲೋ ಒಂದು ಕಚೇರಿಯಲ್ಲಿ ಒಬ್ಬ ಸ್ವತಂತ್ರವಾಗಿ ನಿರ್ಧರಿಸಿದ. ಇಲ್ಲಿ ಇನ್ನೊಬ್ಬನ ಮಗು ಜೀವಮಾನವಿಡೀ ಮಲಗಿದಲ್ಲೇ ಉಳಿಯಿತು.

ಭೂಕುಸಿತ, ಸುನಾಮಿಗಳಲ್ಲಿ ಯಾರ ಸ್ವಾತಂತ್ರ್ಯವಿದೆ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ಈ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. ಯುರೋಪಿನಲ್ಲಿ ಇದನ್ನು ತೀವ್ರವಾಗಿ ಎಬ್ಬಿಸಿದ್ದು 1755ರ ನವೆಂಬರ್ 1ರ ಲಿಸ್ಬನ್ ಭೂಕಂಪ; ಸಂತರ ಹಬ್ಬದ ಬೆಳಗ್ಗೆ ಇಗರ್ಜಿಗಳು ಜನರಿಂದ ತುಂಬಿದ್ದಾಗಲೇ ನಗರ ಕುಸಿಯಿತು. ಇರಬಹುದಾದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮವೆಂದು 1710ರಲ್ಲಿ ಜರ್ಮನಿಯ ತತ್ತ್ವಜ್ಞ ಲೈಬ್‌ನಿಟ್ಸ್ ವಾದಿಸಿದ್ದರು; ಭೂಕಂಪದ ಬಳಿಕ ಫ್ರಾನ್ಸಿನ ಲೇಖಕ ವಾಲ್ಟೇರ್ ಆ ಆಶಾವಾದವನ್ನು ಕಟುವಾಗಿ ಗೇಲಿ ಮಾಡಿದರು.

ಕೊಡಬಹುದಾದ ಉತ್ತರವೆಂದರೆ, ನಿಯಮಬದ್ಧವಾದ ಪ್ರಕೃತಿಯಿಲ್ಲದೆ ವಿವೇಕವುಳ್ಳ ಬದುಕು ಸಾಧ್ಯವಿಲ್ಲ ಎಂಬುದು. ಮಳೆನೀರು ಮಣ್ಣಿನಲ್ಲಿ ಇಂಗುವ ನಿಯಮದಿಂದಲೇ ಸುರಂಗದಲ್ಲಿ ನೀರು ಬರುತ್ತದೆ, ಅದೇ ನಿಯಮದಿಂದ ಗುಡ್ಡವೂ ಜರಿಯುತ್ತದೆ. ಪ್ರತಿ ಸಲವೂ ದೇವರು ನಡುವೆ ಕೈಹಾಕಿದರೆ ಬಾವಿ ತೋಡುವುದನ್ನೂ ಮನೆ ಕಟ್ಟುವುದನ್ನೂ ಯಾರೂ ಕಲಿಯಲಾರರು. ಇದು ನಿಯಮಗಳು ಏಕಿವೆ ಎಂಬುದಕ್ಕೆ ಉತ್ತರ. ಇಷ್ಟೊಂದು ಜನ ಏಕೆ, ಮಲಗಿದ್ದಾಗಲೇ ಏಕೆ ಎಂಬುದಕ್ಕೆ ಅಲ್ಲ.

ಕಷ್ಟದಿಂದ ಮನುಷ್ಯ ಪಕ್ವನಾಗುತ್ತಾನೆ ಎನ್ನುತ್ತಾರಲ್ಲ?

ಕೆಲವರು ಆಗುತ್ತಾರೆ. ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಹಿಕ್ 1966ರಲ್ಲಿ ಇದನ್ನು ಒಂದು ಪೂರ್ಣ ಸಿದ್ಧಾಂತವಾಗಿ ಬೆಳೆಸಿದರು: ಲೋಕವು ಸುಖಕ್ಕಾಗಿ ಅಲ್ಲ, ಆತ್ಮಗಳು ಬೆಳೆಯುವುದಕ್ಕಾಗಿ ಇದೆ. ಆದರೆ ಕಷ್ಟವು ಮುರಿದುಹಾಕಿದವರ ಸಂಖ್ಯೆಯೂ ಸಣ್ಣದಲ್ಲ. 1979ರಲ್ಲಿ ಅಮೆರಿಕದ ತತ್ತ್ವಜ್ಞ ವಿಲಿಯಂ ರೋ ಒಂದು ಉದಾಹರಣೆ ಕೊಟ್ಟರು: ದೂರದ ಕಾಡಿನಲ್ಲಿ ಸಿಡಿಲಿಗೆ ಹತ್ತಿದ ಬೆಂಕಿಯಲ್ಲಿ ಜಿಂಕೆಮರಿಯೊಂದು ಬೆಂದು, ಹಲವು ದಿನ ನರಳಿ ಸಾಯುತ್ತದೆ, ಅದನ್ನು ಕಂಡವರಿಲ್ಲ, ಅದರಿಂದ ಯಾರೂ ಪಕ್ವರಾಗಲಿಲ್ಲ. ಈ ಮರಿಯ ಬಗ್ಗೆ ಸಮಾಧಾನಕರವಾದ ಮಾತನ್ನು ನಾನು ಎಲ್ಲಿಯೂ ಓದಿಲ್ಲ.

ಎಲ್ಲವೂ ಭಗವಂತನ ಲೀಲೆ ಎಂದುಕೊಂಡರೆ?

ಲೀಲೆಯ ಸೂತ್ರವೂ ಬ್ರಹ್ಮಸೂತ್ರದ ಅದೇ ಪಾದದಲ್ಲಿದೆ. ಅದರ ಉದ್ದೇಶ ಬೇರೆ: ಪೂರ್ಣನಾದ ಈಶ್ವರನಿಗೆ ಯಾವ ಕೊರತೆಯೂ ಇಲ್ಲದಿರುವುದರಿಂದ ಅವನು ಏನನ್ನೋ ಪಡೆಯಲೆಂದು ಸೃಷ್ಟಿಸುವುದಿಲ್ಲ ಎಂದು ಅದು ಹೇಳುತ್ತದೆ. ಪಕ್ಷಪಾತದ ಆಕ್ಷೇಪವನ್ನು ಎದುರಿಸುವ ಸೂತ್ರ ಅದರ ಬೆನ್ನಿಗೇ ಬರುತ್ತದೆ ಎಂದರೆ, ಲೀಲೆಯೊಂದರಿಂದಲೇ ಸಮಾಧಾನ ಸಾಲದೆಂದು ಸೂತ್ರಕಾರರಿಗೂ ತಿಳಿದಿತ್ತು. ಸಾವಿನ ಮನೆಯಲ್ಲಿ ಆಡಬಾರದ ಮಾತುಗಳಲ್ಲಿ ಇದೂ ಒಂದು.

ನಮ್ಮೂರಿನ ಕ್ರೈಸ್ತರು, ಮುಸ್ಲಿಮರು ಇದಕ್ಕೆ ಏನು ಹೇಳುತ್ತಾರೆ?

ಪುನರ್ಜನ್ಮವನ್ನು ಒಪ್ಪದ ಕಾರಣ ಅವರ ದಾರಿ ಬೇರೆ. ಹುಟ್ಟುಕುರುಡನೊಬ್ಬನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ನಿರಾಕರಿಸುವ ಭಾಗ ಯೋಹಾನನ ಸುವಾರ್ತೆಯಲ್ಲಿದೆ. ನಮ್ಮ ಜಗಲಿಗಳಲ್ಲಿ ಕೇಳುವ ಪ್ರಶ್ನೆಯನ್ನೇ ಅಲ್ಲಿ ಕೇಳಲಾಗಿದೆ ಎಂಬುದರಿಂದ ನಾನು ಅದನ್ನು ಇಲ್ಲಿ ಎತ್ತಿ ಹೇಳಿದೆ. ಬೈಬಲಿನಲ್ಲಿ, ದೊಡ್ಡ ಕಷ್ಟಕ್ಕೆ ಸಿಕ್ಕಿದ ಯೋಬನ ಕಥೆಯಲ್ಲಿ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ಕುಳಿತಿರುತ್ತಾರೆ; ಆಮೇಲೆ ಬಾಯಿ ತೆರೆದು, ನೀನು ಪಾಪ ಮಾಡಿರಲೇಬೇಕೆಂದು ವಾದಿಸತೊಡಗುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಆ ಸ್ನೇಹಿತರ ಮೇಲೆ. ನಮ್ಮ ಬೇಳದ ಇಗರ್ಜಿ ಶೋಕಮಾತೆಯ, ಎಂದರೆ ಯೇಸುವಿನ ತಾಯಿ ಮರಿಯಳ, ಹೆಸರಿನದು. ದೇವರೇ ನೋವನ್ನು ಅನುಭವಿಸಿದನು, ಅವನ ತಾಯಿ ಅದನ್ನು ನಿಂತು ನೋಡಿದಳು ಎಂಬ ನಂಬಿಕೆಯು ವಿವರಣೆಯಲ್ಲವಾದರೂ ವಿವರಣೆಗಿಂತ ಹೆಚ್ಚಿನವರಿಗೆ ಆಸರೆಯಾಗಿದೆ.

ಇಸ್ಲಾಮಿನಲ್ಲಿ ಭಯ, ಹಸಿವು, ನಷ್ಟಗಳು ಪರೀಕ್ಷೆಯೆಂದು ಕುರಾನ್ ಹೇಳುತ್ತದೆ, ತಾಳ್ಮೆಯುಳ್ಳವರಿಗೆ ಶುಭವಾರ್ತೆಯನ್ನೂ ಹೇಳುತ್ತದೆ. ಅವರ ಪಂಡಿತರಲ್ಲೂ ಭಿನ್ನಮತವಿತ್ತು: ದೇವರು ನ್ಯಾಯವನ್ನು ಮೀರಲಾರನು, ನ್ಯಾಯವೇನೆಂದು ಬುದ್ಧಿಗೆ ತಿಳಿಯುತ್ತದೆ ಎಂದರು ಮುಅ್ತಝಿಲಿಗಳು, ದೇವರು ಮಾಡಿದ್ದೇ ನ್ಯಾಯ, ಅದನ್ನು ಅಳೆಯಲು ಬೇರೆ ಕೋಲು ಇಲ್ಲ ಎಂದರು ಅಶ್‌ಅರಿಗಳು. ನಮ್ಮ ಶಂಕರ, ಮಧ್ವರ ಚರ್ಚೆಯನ್ನು ಬಲ್ಲವರಿಗೆ ಈ ಜಗಳ ಅಪರಿಚಿತವೆನಿಸುವುದಿಲ್ಲ.

ದೇವರನ್ನು ಪ್ರಶ್ನಿಸುವುದು, ಬೈಯುವುದು ಪಾಪವೆ?

ಇದನ್ನು ಕೇಳುವವರು ತಾಳಮದ್ದಳೆಗೆ ಹೋಗಿಲ್ಲದವರಿರಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ನಡೆಯುವ ಕೂಟಗಳಲ್ಲಿ ವಾಲಿವಧೆಯಷ್ಟು ಜನ ಸೇರುವ ಪ್ರಸಂಗಗಳು ಕೆಲವೇ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಮಾತಾಡುತ್ತಾರೆ. ಮರೆಯಿಂದ ಬಂದ ಬಾಣ ಎದೆಗೆ ನಟ್ಟು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೆ ನಾನು ಏನು ಮಾಡಿದ್ದೆ? ಇನ್ನೊಬ್ಬನೊಡನೆ ಕಾದುತ್ತಿದ್ದವನನ್ನು ಅಡಗಿ ಕೊಲ್ಲುವುದು ಯಾವ ಧರ್ಮ? ಧರ್ಮಾತ್ಮನೆಂದು ನಿನ್ನನ್ನು ಲೋಕ ಹೊಗಳುವುದು ಇದಕ್ಕಾಗಿಯೆ? ರಾಮನ ಅರ್ಥ ಹೇಳುವವರು ಭರತನ ಆಳ್ವಿಕೆಯನ್ನು ತೋರಿಸುತ್ತಾರೆ, ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಪರಾಧವನ್ನು ಎತ್ತುತ್ತಾರೆ, ಮೃಗಯೆಯ ನ್ಯಾಯವನ್ನೂ ಹೇಳುತ್ತಾರೆ. ಒಳ್ಳೆಯ ವಾಲಿ ದೊರೆತ ರಾತ್ರಿ ಇವು ಒಂದೊಂದೂ ತಡವರಿಸುವುದನ್ನು ರಾಮಭಕ್ತರೇ ತುಂಬಿದ ಸಭೆ ಕೇಳಿ ತಲೆದೂಗುತ್ತದೆ. ಯಾರೂ ಎದ್ದು ಹೋಗುವುದಿಲ್ಲ, ಯಾರಿಗೂ ನಂಬಿಕೆಗೆ ಧಕ್ಕೆಯಾಯಿತೆಂದು ಅನಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಪ್ರಶ್ನೆ ಕೇಳುವವನ ಸ್ಥಾನವನ್ನು. ಅವನು ಗ್ರಂಥ ಓದಿ ಸಂದೇಹಪಟ್ಟವನಲ್ಲ, ಬಾಣ ನಟ್ಟವನು. ಅವನಿಗೆ ಉತ್ತರ ಕೊಡಲು ದೇವರು ಮರದ ಮರೆಯಿಂದ ಹೊರಗೆ ಬಂದು ಎದುರಿಗೆ ನಿಲ್ಲಬೇಕಾಗುತ್ತದೆ. ವಾಲಿ ಕೊನೆಗೆ ಒಪ್ಪುತ್ತಾನೆ, ನಿಜ. ಒಪ್ಪಿಸಿದ್ದು ರಾಮನ ವಾದವೋ ರಾಮನ ಸಾನ್ನಿಧ್ಯವೋ ಎಂಬುದನ್ನು ಅರ್ಥಧಾರಿಗಳು ಇಂದಿಗೂ ಬೇರೆಬೇರೆ ರೀತಿಯಲ್ಲಿ ನಿರ್ವಹಿಸುತ್ತಾರೆ.

ಮಹಾಭಾರತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿ, ಶಕ್ತಿಯಿದ್ದೂ ಯುದ್ಧವನ್ನು ತಡೆಯದೆ ಉಪೇಕ್ಷಿಸಿದೆಯೆಂದು ಕೃಷ್ಣನನ್ನು ದೂರಿ, ನಿನ್ನ ಕುಲವೂ ಹೀಗೆಯೇ ನಾಶವಾಗಲಿ ಎಂದು ಶಪಿಸುತ್ತಾಳೆ. ಎಪಿಕ್ಯೂರಸನ ಹೆಸರಿನಲ್ಲಿ ನಡೆದುಬಂದ ತರ್ಕವೇ ಒಬ್ಬ ತಾಯಿಯ ಬಾಯಲ್ಲಿ ಶಾಪವಾಗಿದೆ. ಕೃಷ್ಣನು ಅವಳಿಗೂ ತಪ್ಪಿದೆಯೆಂದು ಹೇಳುತ್ತಾನೆ, ಆದರೆ ಶಾಪವನ್ನು ತಳ್ಳಿಹಾಕುವುದಿಲ್ಲ, ಅದು ಫಲಿಸುತ್ತದೆ. ಮುಂದೆ ಉದಂಕ ಮುನಿಯೂ ಇದೇ ಆರೋಪ ಹೊರಿಸಿ ಶಪಿಸಲು ಹೊರಡುತ್ತಾನೆ. ದೇವರನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸಿದ ಗ್ರಂಥಗಳನ್ನು ಪೂಜೆಯ ಕೋಣೆಯಲ್ಲಿಟ್ಟುಕೊಂಡವರು ಪ್ರಶ್ನೆಗೆ ಹೆದರಬೇಕಾಗಿಲ್ಲ.

ದೇವರಿಲ್ಲ ಎಂದರೆ ಎಲ್ಲವೂ ಸುಲಭವಾಗುತ್ತದಲ್ಲವೆ?

ತರ್ಕ ಸುಲಭವಾಗುತ್ತದೆ. ಆ ನಿಲುವನ್ನು ತೆಗೆದುಕೊಂಡು ಪೀಡಿತರ ಪರವಾಗಿ ದುಡಿದವರು ನಮ್ಮ ಜಿಲ್ಲೆಯಲ್ಲಿದ್ದಾರೆ. ಆಸ್ತಿಕರು ಅವರಿಂದ ಕಲಿಯಬೇಕಾದದ್ದು ಬಹಳ. ಆದರೆ ‘ಹೀಗಾಗಬಾರದಿತ್ತು’ ಎಂಬ ಮಾತು ಆಗಲೂ ಉಳಿಯುತ್ತದೆ. ಯಾರೂ ಮಾಡದ, ಯಾರಿಗೂ ಕಾಳಜಿಯಿಲ್ಲದ ವಿಶ್ವದಲ್ಲಿ ಆ ಮಾತಿಗೆ ನೆಲೆ ಎಲ್ಲಿ ಎಂದು ನಾಸ್ತಿಕನು ತನ್ನ ರೀತಿಯಲ್ಲಿ ಉತ್ತರಿಸಬೇಕಾಗುತ್ತದೆ. ಇದರಿಂದ ಆಸ್ತಿಕನ ಸಮಸ್ಯೆ ಪರಿಹಾರವಾಯಿತೆಂದು ನಾನು ಹೇಳುತ್ತಿಲ್ಲ.

ಹರಕೆ ಹೇಳಿದರೆ ಒಬ್ಬರಿಗೆ ಗುಣವಾಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ. ಹಾಗಾದರೆ ಹರಕೆ ಏಕೆ?

ಎಲ್ಲ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಕಷ್ಟವೆನಿಸುವುದು ಇದು. ಮಧೂರಿನ ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡದ್ದರಿಂದ ಮಗಳ ಜ್ವರ ಬಿಟ್ಟಿತು ಎಂದು ಒಬ್ಬರು ಸಂತೋಷದಿಂದ ಹೇಳುವಾಗ, ಅದೇ ಗಣಪತಿಗೆ ಹೇಳಿಕೊಂಡು ಫಲ ಕಾಣದ ನೆರೆಮನೆಯವರಿಗೆ ಆ ಮಾತು ಹೇಗೆ ಕೇಳಿಸುತ್ತದೆಂದು ಎಣಿಸಬೇಕು. ನಂಬಿಕೆ ಸಾಲದಾಯಿತು, ಹರಕೆಯಲ್ಲಿ ಲೋಪವಾಯಿತು ಎಂಬ ವಿವರಣೆಗಳು ಯೋಬನ ಸ್ನೇಹಿತರ ಜಾತಿಯವು, ಅವನ್ನು ಕೈಬಿಡಬೇಕು.

ಹರಕೆಯನ್ನು ವ್ಯಾಪಾರವೆಂದು ತಿಳಿದರೆ ಫಲ ಸಿಗದವನು ಮೋಸಹೋದವನಾಗುತ್ತಾನೆ. ಕೈಯಲ್ಲಾಗುವುದನ್ನೆಲ್ಲ ಮಾಡಿ, ಉಳಿದುದನ್ನು ಒಬ್ಬನ ಮುಂದೆ ಇಟ್ಟು ಬರುವ ಕ್ರಮವೆಂದು ತಿಳಿದರೆ ಅದಕ್ಕೆ ಬೇರೆಯೇ ಬೆಲೆಯಿದೆ. ಆದರೆ ಒಂದು ಕ್ರಮವನ್ನು ತಪ್ಪಿಸಬಾರದು. ಮಗುವನ್ನು ಬುದ್ಧಿ ಬೆಳೆಯದ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗೆ ಸೇರಿಸುವುದು, ವೈದ್ಯಕೀಯ ಶಿಬಿರಕ್ಕೆ ಕರೆದೊಯ್ಯುವುದು, ಪೀಡಿತರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅರ್ಜಿ ಹಾಕುವುದು, ಆ ಅರ್ಜಿಯನ್ನು ಮಲಯಾಳದಲ್ಲಿ ಬರೆಯಲು ಬಾರದ ಕನ್ನಡದ ಮನೆಗೆ ಬರೆದುಕೊಡುವುದು, ಇವು ಮೊದಲು ಆಗಬೇಕು. ಇವನ್ನು ಮಾಡಲು ದೇವರ ಒಳ್ಳೆಯತನದ ಬಗ್ಗೆ ಯಾವ ತೀರ್ಮಾನಕ್ಕೂ ಬಂದಿರಬೇಕಾಗಿಲ್ಲ. ಮಾಡದೆ ಇದ್ದವನು ಆ ತೀರ್ಮಾನವನ್ನು ಹೇಳಲು ಹೊರಟರೆ ಕೇಳುವುದಕ್ಕೆ ನಾನು ಸಿದ್ಧನಿಲ್ಲ.